ಅಕ್ಕನ ಪಿಕಪ್ಪಿಗೆ ಚೊಗರು ಹಚ್ಚಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಕ್ಕನ ಪಿಕಪ್ಪಿನ ಬಂಪರು ಒಡೆದದ್ದು ನನ್ನ ಬಾಯಿಂದ. ಕಲ್ಲುಕಂಬ, ಪಾಪ, ನಾನು ಹುಟ್ಟುವ ಮೊದಲಿನಿಂದ ಅಲ್ಲೇ ನಿಂತಿತ್ತು. ಅಕ್ಕ ಸ್ಟಿಯರಿಂಗ್ ಹಿಡಿದು, ನಾನು ಹೇಳಿದಷ್ಟೇ ಮುಂದೆ ಬಂದಳು. ಹೇಳಿದವನು ನಾನು.

ಬೇಗಾರಿನಲ್ಲಿ ಒಬ್ಬರ ಮನೆಗೆ ಗೊಬ್ಬರದ ಮೂಟೆ ಇಳಿಸಲು ಹೋಗಿದ್ದೆವು. ಅಂಗಳಕ್ಕೆ ತಿರುಗುವಲ್ಲಿ ದಣಪೆ: ಎರಡು ಕಲ್ಲುಕಂಬ, ನಡುವೆ ಅಡ್ಡ ಇಟ್ಟ ಬಿದಿರಿನ ಗಳ. ಗಳ ಸರಿಸಿದರೆ ಪಿಕಪ್ಪು ಹೋಗುತ್ತದೆ, ಆದರೆ ಆಚೆ ಒಂದು ಗೇಣು, ಈಚೆ ಒಂದು ಗೇಣು, ಅಷ್ಟೇ. ಅದೂ ಏರಿನಲ್ಲಿ, ತಿರುವಿನಲ್ಲಿ. "ಮುಂದೆ ನಿಂತ್ಕಂಡು ಸರಿಯಾಗಿ ಹೇಳು, ಎಡಗಡೆ ಮೂಲೆ ನಂಗೆ ಕಾಣಲ್ಲ," ಎಂದಳು ಅಕ್ಕ.

ನಾನು ಮುಂದೆ ನಿಂತೆ. ಅಷ್ಟರಲ್ಲಿ ಜಗಲಿಯ ಮೇಲೆ ಮೂಟೆ ಇಳಿಸಲು ಕಾಯುತ್ತಾ ಕೂತಿದ್ದ ಐದು ಜನ ಕಣ್ಣಿಗೆ ಬಿದ್ದರು. ಐದು ಜನ ಒಟ್ಟಿಗೆ ಕೂತಿದ್ದರೆ ನನ್ನ ಸ್ವಂತ ದನಿ ನನ್ನ ಗಂಟಲಲ್ಲಿ ನಿಲ್ಲುವುದಿಲ್ಲ. ಇದು ಚಿಕ್ಕಂದಿನ ಕಾಯಿಲೆ. ಶಾಲೆಯಲ್ಲಿ ಹೆಡ್ ಮಾಸ್ತರರ ಕೆಮ್ಮು ಕೆಮ್ಮಿ ಇಡೀ ತರಗತಿಯನ್ನು ಎಬ್ಬಿಸಿ ನಿಲ್ಲಿಸಿದವನು ನಾನು. ಈಗ ಪಿಕಪ್ಪಿಗೆ ಬೆನ್ನು ಹಾಕಿ, ಜಗಲಿಗೆ ಮುಖ ಮಾಡಿ, ನಮ್ಮ ದಾರಿಯ ಖಾಸಗಿ ಬಸ್ಸಿನ ಕಂಡಕ್ಟರ್ ಆದೆ. ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ: "ಬರ್ಲಿ ಬರ್ಲಿ ಬರ್ಲಿ. ಶೃಂಗೇರಿ ಹರಿಹರಪುರ ಕೊಪ್ಪ ಎನ್.ಆರ್. ಪುರ. ಅಮ್ಮಾ, ಹಿಂದೆ ಹೋಗಿ, ಹಿಂದೆ ಖಾಲಿ ಇದೆ. ಬರ್ಲಿ, ಇನ್ನೂ ಬರ್ಲಿ."

ಅಕ್ಕ ಬಂದಳು.

ಒಣಗಿದ ಸೋರೆಬುರುಡೆ ಒಡೆದ ಹಾಗೆ ಒಂದು ಶಬ್ದ ಆಯಿತು. ಜಗಲಿಯವರು ಮತ್ತೂ ಜೋರಾಗಿ ನಕ್ಕರು. ಆ ಶಬ್ದವನ್ನೂ ನಾನೇ ಬಾಯಲ್ಲಿ ಮಾಡಿದ್ದು ಎಂದುಕೊಂಡರಂತೆ. ಒಬ್ಬರಂತೂ "ಅದೊಂದು ಬಹಳ ಚಂದ ಮಾಡಿದೆ ಮಾರಾಯ" ಎಂದು ಆಮೇಲೆ ಹೇಳಿದರು.

ಅಕ್ಕ ಇಳಿದು ಬಂದು ನೋಡಿದಳು. ಬಂಪರಿನ ಎಡ ಮೂಲೆಯಿಂದ ಅಂಗೈಯಗಲದ ತ್ರಿಕೋನ ತುಂಡು ಹಾರಿತ್ತು. ಅಲ್ಲಿಂದ ಲೈಟಿನ ಗೂಡಿನವರೆಗೆ ಸೀಳು. ಆ ತುಂಡನ್ನು ಹೆಕ್ಕಿ ಸೀಟಿನ ಕೆಳಗೆ ಇಟ್ಟಳು. "ಗೊಬ್ಬರ ಇಳಿಸ್ಲಿ," ಎಂದಳು. ನನಗೆ ಬೈಯಲಿಲ್ಲ. ನನ್ನ ಅಕ್ಕನ ಬೈಗುಳವನ್ನು ನಾನು ಬಹಳ ಚೆನ್ನಾಗಿ ಅನುಕರಿಸುತ್ತೇನೆ. ಆದರೆ ಅವಳು ಸುಮ್ಮನಿರುವುದನ್ನು ಅನುಕರಿಸುವುದು ಹೇಗೆಂದು ಇವತ್ತಿಗೂ ಗೊತ್ತಿಲ್ಲ.

ಅಕ್ಕನ ಮನೆ ಹರಿಹರಪುರದ ಹತ್ತಿರ. ನಾನಿರುವುದೂ ಅಲ್ಲೇ, ಅಕ್ಕ ಹಾಕಿದ್ದು ತಿಂದುಕೊಂಡು. ಭಾವ ತೋಟ ನೋಡಿಕೊಳ್ಳುತ್ತಾನೆ. ಸ್ಟಿಯರಿಂಗ್ ಹಿಡಿದರೆ ಅವನಿಗೆ ಅಂಗೈ ಬೆವರುತ್ತದೆ. ಆದ್ದರಿಂದ ಗಾಡಿ ಓಡಿಸುವುದು ಅಕ್ಕ. ಗೊಬ್ಬರ, ಹುಲ್ಲು, ಸಿಮೆಂಟು, ಒಮ್ಮೊಮ್ಮೆ ಯಾರದೋ ಮದುವೆಯ ಪಾತ್ರೆ. ಇಲ್ಲಿ ಗಂಡಸು ಗಾಡಿ ತಾಗಿಸಿದರೆ ರಸ್ತೆ ಸರಿ ಇರುವುದಿಲ್ಲ, ಹೆಂಗಸು ತಾಗಿಸಿದರೆ ಹೆಂಗಸು ಸರಿ ಇರುವುದಿಲ್ಲ. ಇದು ಅಕ್ಕನಿಗೆ ಗೊತ್ತು. ಅದಕ್ಕೇ ಐದು ವರ್ಷದಿಂದ ಒಂದು ಗೀರೂ ಬೀಳದ ಹಾಗೆ ಓಡಿಸಿಕೊಂಡು ಬಂದಿದ್ದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಮೂರ್ಖನಾಗಿರುತ್ತಿದ್ದೆ. ಮಾರನೆಯ ದಿನ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹತ್ತಿದೆ.

ಕೊಪ್ಪದಲ್ಲಿ ನಾನು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಹುಟ್ಟುಹಬ್ಬದ ಶುಭಾಶಯ ಕೋರುವವರ ಮುಖವನ್ನು ಎರಡು ಸುತ್ತು ಬೆಳ್ಳಗೆ ಮಾಡಿ, ಗಲ್ಲದ ಕೆಳಗಿನ ಎರಡನೆಯ ಗಲ್ಲ ತೆಗೆಯುವುದು ನನ್ನ ಕೆಲಸ. ಪಕ್ಕದಲ್ಲೇ ಚಾ ಅಂಗಡಿ. ಅಲ್ಲಿ ಯಾರೋ, "ನಿನ್ನಕ್ಕ ಬೇಗಾರಲ್ಲಿ ಕಲ್ಲಿಗೆ ಗುದ್ದಿದ್ಲಂತೆ, ಹೌದನಾ?" ಎಂದರು. ಆಗ ಇಲ್ಲ, ಗುದ್ದಿಸಿದ್ದು ನಾನು ಎನ್ನಬೇಕಿತ್ತು. ಆದರೆ ಸುತ್ತ ಎಂಟು ಜನ ಇದ್ದರು. ಐದಕ್ಕೇ ಆಗದವನಿಗೆ ಎಂಟು.

ಮಾಡಿ ತೋರಿಸಿದೆ. ಅಕ್ಕ ಕುತ್ತಿಗೆ ಉದ್ದ ಮಾಡಿ ಸ್ಟಿಯರಿಂಗಿಗೆ ಎದೆ ಒತ್ತಿ ಕೂತದ್ದು, ಗೇರು ಹಾಕಿದ್ದು, ಕಲ್ಲುಕಂಬ ಹತ್ತಿರ ಹತ್ತಿರ ಬಂದದ್ದು, ಢಬ್ ಅಂದದ್ದು, ಆಮೇಲೆ ಅಕ್ಕ ಇಳಿದು ಕಲ್ಲನ್ನೇ ದುರುಗುಟ್ಟಿ ನೋಡಿದ್ದು. ಕುತ್ತಿಗೆ ಉದ್ದ ಮಾಡಿದ್ದು ಸುಳ್ಳು. ದುರುಗುಟ್ಟಿದ್ದು ಸುಳ್ಳು. ಆ ನಾಟಕದಲ್ಲಿ ಕಂಡಕ್ಟರನ ಪಾತ್ರ ಇರಲೇ ಇಲ್ಲ. ಎಂಟೂ ಜನ ನಕ್ಕರು. ಒಬ್ಬರಿಗೆ ಚಾ ನೆತ್ತಿಗೇರಿತು, ಅದನ್ನು ನಾನು ಪ್ರಶಸ್ತಿ ಎಂದು ತೆಗೆದುಕೊಂಡೆ.

ಕೊಪ್ಪದ ಚಾ ಅಂಗಡಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಆಡಿದ್ದು ಮಧ್ಯಾಹ್ನದ ಬಸ್ಸಿಗೆ ಜಯಪುರ ಮುಟ್ಟುತ್ತದೆ. ಜಯಪುರದ ಆಚೆ ಒಬ್ಬ ಹಿರಿಯರ ಸಸಿ ನರ್ಸರಿ ಇದೆ: ಅಡಿಕೆ, ಕಾಳುಮೆಣಸು, ಕಾಫಿ. ನೆಡುವ ಕಾಲ ಬಂತೆಂದರೆ ಅವರಿಗೆ ವಾರಕ್ಕೆ ಎರಡು ದಿನ ಗಾಡಿ ಬೇಕು. ಹೋದ ವರ್ಷ ಓಡಿಸುತ್ತಿದ್ದವನು ಹಾರಿಸಿಕೊಂಡು ಹೋಗಿ ಅರ್ಧ ಸಸಿಯ ಎಲೆ ಹರಿದಿದ್ದನಂತೆ. ಈ ಸಲ ಅಕ್ಕನಿಗೇ ಕೊಡುವುದೆಂದು ಮಾತಾಗಿತ್ತು. ಒಂದು ಲೋಡಿಗಾಗಿ ದಿನವಿಡೀ ಫೋನು ನೋಡುತ್ತಾ ಕೂರುವ ಅಕ್ಕನಿಗೆ ಮಳೆಗಾಲ ಪೂರ್ತಿ ಗೊತ್ತಾದ ಕೆಲಸ. ಅವಳು ಅದಕ್ಕಾಗಿ ಕ್ಯಾಲೆಂಡರಿನಲ್ಲಿ ಸೋಮವಾರ, ಗುರುವಾರಗಳಿಗೆ ಸುತ್ತು ಹಾಕಿಟ್ಟಿದ್ದಳು.

ಬುಧವಾರ ಸಂಜೆ ಅವರ ಫೋನು ಬಂತು. ಅಕ್ಕ ಅಕ್ಕಿ ಆರಿಸುತ್ತಿದ್ದಳು, ಸ್ಪೀಕರಿಗೆ ಹಾಕಿದಳು.

"ಅಲ್ಲ ಕೂಸೇ, ಬೇಗಾರಲ್ಲಿ ಎಂತದೋ ಆಯ್ತಂತೆ. ಕಲ್ಲು ಕಂಡಿಲ್ಯಾ?"

"ಕಂಡಿತ್ತು."

"ಮತ್ತೆ?"

"ತಾಗ್ತು."

"ಹ್ಞಾ." ಆ ಕಡೆಯಿಂದ ಎಲೆ ಅಡಿಕೆಯ ಕವಳ ಜಗಿಯುವ ಶಬ್ದ. "ಜನ ಎಂತೆಂತದೋ ಹೇಳ್ತ್ರು. ನನ್ನ ಸಸಿ ಎಳೇದು. ಸೋಮವಾರ ಬೆಳಿಗ್ಗೆ ಗಾಡಿ ತಗಂಡು ಬಾ. ಒಂದ್ಸಲ ನೋಡ್ತೆ. ಆಮೇಲೆ ಹೇಳ್ತೆ."

ಫೋನಿಟ್ಟ ಮೇಲೆ ಅಕ್ಕ ನನ್ನ ಕಡೆ ನೋಡಿದಳು. ನಾನು ತಲೆ ಎತ್ತಿ ಮಾಡಿನ ಹೆಂಚಿನಡಿಯ ರೀಪು ಎಣಿಸುತ್ತಿದ್ದೆ. "ಹೇಳ್ಬಹುದಿತ್ತಲ್ಲ, ತಮ್ಮ ಹೇಳಿದ್ದು ಕೇಳಿ ಹಿಂಗಾಯ್ತು ಅಂತ," ಎಂದ ಭಾವ. ಅಕ್ಕ, "ಓಡಿಸ್ತಿದ್ದಿದ್ದು ನಾನು," ಎಂದು ಅಕ್ಕಿಯಿಂದ ಒಂದು ಕಲ್ಲು ತೆಗೆದು ಎಸೆದಳು. ಅದು ನನ್ನ ಕಾಲ ಹತ್ತಿರವೇ ಬಿತ್ತು. ಆಕಸ್ಮಿಕ ಇರಬಹುದು.

ಆ ಹಿರಿಯರಿಗೆ ಫೋನು ಮಾಡಿ ನಿಜ ಹೇಳಲು ಒಂದು ನಿಮಿಷ ಸಾಕಿತ್ತು. ನಾನು ನಾಲ್ಕು ದಿನದ ಕೆಲಸ ಆರಿಸಿಕೊಂಡೆ: ಸೋಮವಾರದೊಳಗೆ ಪಿಕಪ್ಪನ್ನು ಹೊಸದು ಮಾಡುವುದು.

ಆ ಗಾಡಿಯ ಮುಖ ಬೇಗಾರಿಗೆ ಹೋಗುವ ಮೊದಲೇ ಸುಖವಾಗಿರಲಿಲ್ಲ. ಬಿಳಿ ಪಿಕಪ್ಪು. ಬಂಪರು, ಚಕ್ರದ ಮೇಲಿನ ಕಮಾನು, ಕನ್ನಡಿಯ ಕವರು, ವೈಪರಿನ ಕೆಳಗಿನ ಪಟ್ಟಿ, ಬಾಗಿಲಿನ ಉದ್ದ ಪಟ್ಟಿ, ಇವೆಲ್ಲ ಕಪ್ಪು ಪ್ಲಾಸ್ಟಿಕ್ಕು. ಕಪ್ಪು ಎಂದು ಕಾಗದದಲ್ಲಿ ಇರಬೇಕು. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತಿತ್ತು. ಅದರ ಮೇಲೆ ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತ ಸುಣ್ಣದ ಡ್ರಮ್ಮು ಸಾಗಿಸಿದ್ದರ ಬಿಳಿ ನೀಲಿ ಚುಕ್ಕೆ. ದೂರದಿಂದ ನೋಡಿದರೆ ಗಾಡಿಗೆ ಸಿಡುಬು ಬಂದು ಹೋದ ಹಾಗೆ.

ಗುರುವಾರ ಕೊಬ್ಬರಿ ಎಣ್ಣೆ. ಇದಕ್ಕೆ ಯಾರ ಸಲಹೆಯೂ ಬೇಕಾಗಲಿಲ್ಲ. ತಲೆಗೆ ಆಗುವುದು ಬಂಪರಿಗೆ ಆಗುತ್ತದೆ ಎಂಬ ನಮ್ಮ ಮನೆಯ ವಿಜ್ಞಾನ. ಬೆಳಿಗ್ಗೆ ಹಚ್ಚಿದಾಗ ಮಿರಮಿರ ಮಿಂಚಿತು. ಅಕ್ಕ ಒಂದು ಲೋಡು ಜಲ್ಲಿಪುಡಿ ಹಾಕಿ ಮಧ್ಯಾಹ್ನ ಬರುವಷ್ಟರಲ್ಲಿ ಹೋಗಿಬಂದ ರಸ್ತೆಯ ಧೂಳೆಲ್ಲ ಅದಕ್ಕೆ ಅಂಟಿತ್ತು. ಬಂಪರು ಕಡಲೆಹಿಟ್ಟಿನಲ್ಲಿ ಅದ್ದಿದ ಬಾಳೆಕಾಯಿ ಆಗಿತ್ತು. ಕಾದ ಎಣ್ಣೆಗೆ ಬಿಡುವುದೊಂದೇ ಬಾಕಿ.

ಶುಕ್ರವಾರ ಬಂಪರನ್ನೇ ಬಿಚ್ಚಿದೆ. ಎನ್.ಆರ್. ಪುರದಲ್ಲಿ ಪ್ಲಾಸ್ಟಿಕ್ಕಿಗೆ ಬೆಸುಗೆ ಹಾಕುವ ಒಬ್ಬರು ಇದ್ದಾರೆ, ಎಲ್ಲರೂ ಭಾಯಿ ಎನ್ನುತ್ತಾರೆ. ನೀರಿನ ಟ್ಯಾಂಕು, ಡ್ರಮ್ಮು, ಬೈಕಿನ ಮಡ್‌ಗಾರ್ಡು, ಒಡೆದದ್ದು ಏನಿದ್ದರೂ ಅವರ ಹತ್ತಿರ ಹೋಗುತ್ತದೆ. ಪಿಕಪ್ಪು ಅಕ್ಕನಿಗೆ ಬೇಕು, ಆದ್ದರಿಂದ ಅವಳು ಬಂಪರಿಲ್ಲದೆ ಹೊರಟಳು. ಹಲ್ಲುಸೆಟ್ಟು ತೆಗೆದಿಟ್ಟ ಅಜ್ಜನ ಹಾಗೆ ಕಾಣುತ್ತಿತ್ತು ಗಾಡಿ. ನಾನು ಬಂಪರು ಹೊತ್ತು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಇದ್ದವರು ಯಾರು ಗೊತ್ತೇ? ಬೇಗಾರಿನಲ್ಲಿ ನನ್ನ ಬಾಯಲ್ಲಿ ಕೂತಿದ್ದ ಕಂಡಕ್ಟರು, ಸ್ವತಃ. ನನ್ನನ್ನೂ ಬಂಪರನ್ನೂ ಮೇಲಿಂದ ಕೆಳಗೆ ನೋಡಿ, "ಎಂತ ಮಾರಾಯ, ಗಾಡೀನ ಒಂದೊಂದೇ ಪೀಸ್ ಮಾಡಿ ಕದ್ಕಂಡು ಹೋಗ್ತಿದೀಯನಾ?" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಅಷ್ಟು ವರ್ಷದಿಂದ ಅವರ ದನಿ ಮಾಡಿ ಗಳಿಸಿದ ನಗುವನ್ನು ಅವರು ಒಂದೇ ಮಾತಿಗೆ ವಸೂಲು ಮಾಡಿದರು. ಆಮೇಲೆ "ಹಿಂದೆ ಹೋಗಿ, ಹಿಂದೆ ಖಾಲಿ ಇದೆ" ಎಂದರು. ಹಿಂದೆ ಖಾಲಿ ಇರಲಿಲ್ಲ. ಕೊಪ್ಪದವರೆಗೆ ಬಂಪರು ಒಬ್ಬ ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟು ಮಲಗಿತ್ತು.

ಭಾಯಿ ಬಂಪರನ್ನು ಮಗುಚಿ ಹಾಕಿ, ಒಳಮೈಯಲ್ಲಿ ಅಚ್ಚೊತ್ತಿದ್ದ ಎರಡು ಅಕ್ಷರ ಹುಡುಕಿದರು. "ಪ್ಲಾಸ್ಟಿಕ್ಕಲ್ಲೂ ಜಾತಿ ಇದೆ ತಮ್ಮಾ. ಬೇರೆ ಜಾತೀದು ತಂದು ಬೆಸೆದ್ರೆ ನಾಳೆಗೇ ಬಿಟ್ಕೊಳ್ಳತ್ತೆ. ಮನುಷ್ಯರೇ ವಾಸಿ, ಒಂದಿಷ್ಟು ದಿನ ಆದ್ರೂ ತಡ್ಕೋತಾರೆ." ಸೀಳಿನ ತುದಿಯಲ್ಲಿ ಸಣ್ಣ ತೂತು ಕೊರೆದರು, ಅದು ಇನ್ನೂ ಮುಂದೆ ಓಡದ ಹಾಗೆ. ಕಾದ ಕಬ್ಬಿಣದಿಂದ ತಂತಿಯ ಪಿನ್ನುಗಳನ್ನು ಒಳಮೈಯಲ್ಲಿ ಹೂತು, ಒಡೆದ ತುಂಡನ್ನು ಕೂರಿಸಿ, ಯಾವುದೋ ಹಳೆಯ ಬಂಪರಿನಿಂದ ಕತ್ತರಿಸಿದ ಎಳೆಗಳನ್ನು ಕರಗಿಸಿ ತುಂಬಿದರು. ಬಟ್ಟೆ ಹೊಲಿದಂತೆ ಇತ್ತು ನೋಡಲು. ಮೂಗು ತಿರುಚುವ ವಾಸನೆ.

"ಹೆಂಗೆ ಒಡೀತು?" ಎಂದರು, ತಲೆ ಎತ್ತದೆ.

"ಅಕ್ಕ ಕಲ್ಲಿಗೆ ತಾಗಿಸಿದ್ಲು."

ಭಾಯಿ ಕಬ್ಬಿಣ ಕೆಳಗಿಟ್ಟು ಸೀಳಿನ ಮೇಲೆ ಬೆರಳಾಡಿಸಿದರು. "ತಾಗ್ಸಿದ್ದಲ್ಲ ಇದು. ಜೋರಲ್ಲಿ ಬಂದಿದ್ರೆ ಬಂಪರ್ ಪುಡಿ ಆಗ್ತಿತ್ತು, ಹಿಂದಿನ ಕಬ್ಬಿಣದ ಗುರುತು ಇಲ್ಲಿ ಬೀಳ್ತಿತ್ತು. ನಿನ್ನಕ್ಕ ಇರುವೆ ಬಂದಂಗೆ ಬಂದಿದ್ದಾರೆ. ಹಂಗೆ ಬರೋರು ಕಲ್ಲು ಕಂಡ್ರೆ ನಿಲ್ಲಿಸ್ತಾರೆ. ಅವರಿಗೆ ಕಂಡಿಲ್ಲ, ಯಾರೋ ಬನ್ನಿ ಬನ್ನಿ ಅಂದಿದ್ದಾರೆ." ಒಂದು ಕ್ಷಣ ನನ್ನ ಮುಖ ನೋಡಿದರು. "ಬನ್ನಿ ಅಂದೋನು ಯಾರು?"

"ಯಾರೋ ಗೊತ್ತಿಲ್ಲ ಭಾಯಿ," ಎಂದೆ. ಅಷ್ಟು ಸಣ್ಣ ದನಿ ನನ್ನ ಗಂಟಲಲ್ಲಿ ಇದೆ ಎಂದು ನನಗೇ ಗೊತ್ತಿರಲಿಲ್ಲ, ಹೊಸದಾಗಿ ಸಿಕ್ಕಿತು.

ಹೊರಡುವಾಗ ಪಾಠ ಹೇಳಿದರು. ಸೋಪು ಹಾಕಿ ಜಿಡ್ಡು ಹೋಗುವವರೆಗೆ ತೊಳೆಯಬೇಕು. ನೀರು ಹಾಕಿಕೊಂಡು ಮರಳುಕಾಗದದಲ್ಲಿ ಉಜ್ಜಬೇಕು. ಪ್ಲಾಸ್ಟಿಕ್ಕಿಗೆಂದೇ ಪ್ರೈಮರ್ ಸಿಗುತ್ತದೆ, ಅದು ಹಚ್ಚಿ ಒಣಗಿಸಿ, ಆಮೇಲೆ ಕಪ್ಪು ಬಣ್ಣ. "ಬೇರೆ ಎಂತದೂ ಹಚ್ಬೇಡ. ಶೂ ಪಾಲಿಶು, ಸುಟ್ಟ ಆಯಿಲು, ಎಲ್ಲ ಹಚ್ಚಿ ಆದ್ಮೇಲೇ ಜನ ಇಲ್ಲಿಗೆ ಬರೋದು." ಬಂಪರನ್ನು ಮೂಗಿನ ಹತ್ತಿರ ಹಿಡಿದರು. "ನಿಂದು ಕೊಬ್ರಿ ಎಣ್ಣೆ ಆಗಿದೆ."

ಅವರು ಹೇಳಿದ್ದನ್ನು ಮಾತ್ರ ಮಾಡಿದ್ದರೆ ಶನಿವಾರ ಸಂಜೆಗೆ ಕೆಲಸ ಮುಗಿಯುತ್ತಿತ್ತು. ನಾನು ಶನಿವಾರ ತೊಳೆದೆ, ಉಜ್ಜಿದೆ, ಅಲ್ಲಿಗೆ ಸರಿ. ಆಮೇಲೆ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಮನುಷ್ಯ ಕೈಗೆ ಗವಸು ಹಾಕಿಕೊಂಡು ಬಿಸಿಗಾಳಿ ಊದುವ ಮಿಷನ್ನು ಹಿಡಿದಿದ್ದ. ಬೂದಿ ಬಣ್ಣದ ಪ್ಲಾಸ್ಟಿಕ್ಕು ಅವನ ಕಣ್ಣೆದುರೇ ಕಪ್ಪಾಗುತ್ತಿತ್ತು. ನನ್ನ ಹತ್ತಿರ ಆ ಮಿಷನ್ನು ಇರಲಿಲ್ಲ. ಕೋಳಿಯ ಪುಕ್ಕ ಸುಡುವ ಭಾವನ ಗ್ಯಾಸ್ ಬರ್ನರ್ ಇತ್ತು.

ಸುಳ್ಳು ಹೇಳಬಾರದು, ಮೊದಲ ಐದು ನಿಮಿಷ ನಾನು ಜಾದೂಗಾರ. ಚಕ್ರದ ಕಮಾನಿನ ಮೇಲೆ ಬೆಂಕಿ ಆಡಿಸಿದ ಹಾಗೆ ಬೂದಿ ಹೋಗಿ ಕಪ್ಪು ಎದ್ದು ಬಂತು. ಭಾವನನ್ನು ಕರೆದು ತೋರಿಸಿದೆ. ವಿಡಿಯೋದವನ ಇಂಗ್ಲಿಷಿನಲ್ಲಿ ವಿವರಣೆಯನ್ನೂ ಕೊಟ್ಟೆ. ವಿವರಣೆ ಸ್ವಲ್ಪ ಉದ್ದವಾಯಿತು. ಬರ್ನರ್ ಎಡಗಡೆಯ ಕನ್ನಡಿಯ ಕವರಿನ ಮೇಲೆ ನಿಂತೇ ಇತ್ತು. ತಿರುಗಿ ನೋಡುವಾಗ ಕವರು ಕೆಳತುಟಿ ಜೋಲು ಬಿಟ್ಟುಕೊಂಡು, ಯಾರೋ ಬೈದರೆಂದು ಅಳಲು ಹೊರಟ ಮಗುವಿನ ಹಾಗೆ ಆಗಿತ್ತು. ಒಳಗಿನ ಕನ್ನಡಿ ಉಳಿದದ್ದು ನನ್ನ ಪುಣ್ಯ. ಹೆದರಿ ಉಳಿದದ್ದಕ್ಕೆ ಬೆಂಕಿ ತೋರಿಸಲಿಲ್ಲ. ಹೀಗಾಗಿ ಅಲ್ಲಿ ಕಪ್ಪು, ಇಲ್ಲಿ ಬೂದಿ, ಇಡೀ ಗಾಡಿ ಮಚ್ಚೆ ದನದ ಬಣ್ಣ. ಓಡಿಹೋಗಿ ಕೊಪ್ಪ ಮುಟ್ಟುವಾಗ ಪೇಂಟಿನ ಅಂಗಡಿಯವರು ಶಟರ್ ಎಳೆದು ಬೀಗ ಹಾಕುತ್ತಿದ್ದರು. "ಸೋಮವಾರ ಹತ್ತು ಗಂಟೆ ಮೇಲೆ ಬಾ," ಎಂದರು. ಸೋಮವಾರ ಒಂಬತ್ತಕ್ಕೆ ನಾವು ಜಯಪುರದಲ್ಲಿ ಇರಬೇಕಿತ್ತು.

ಭಾನುವಾರ ನನಗೆ ಹೊಳೆದದ್ದು ಮಲೆನಾಡಿನವನಿಗೆ ಮಾತ್ರ ಹೊಳೆಯಬಹುದಾದದ್ದು. ಬೇರೆ ಊರಿನವನಾಗಿದ್ದರೆ ಸುಮ್ಮನೆ ಸೋತು ಮಲಗುತ್ತಿದ್ದ. ಅಡಿಕೆ ಬೇಯಿಸುವ ಕೊಟ್ಟಿಗೆಯ ಮೂಲೆಯಲ್ಲಿ ಭಾವ ಒಂದು ಡ್ರಮ್ಮು ಚೊಗರು ಮುಚ್ಚಿಟ್ಟಿದ್ದ. ಅಡಿಕೆ ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಕುದಿಸಿ ಗಟ್ಟಿ ಮಾಡಿದ ರಸ ಅದು. ಮುಂದಿನ ಕೊಯ್ಲಿನ ಅಡಿಕೆಗೆ ಬಣ್ಣ ಬರಲೆಂದು ಎತ್ತಿಡುತ್ತಾರೆ. ಕೆಂಪೋ ಕಪ್ಪೋ ಹೇಳಲು ಬಾರದ ಬಣ್ಣ. ಕೈಗೆ ಹತ್ತಿದರೆ ತಿಂಗಳು ಹೋಗುವುದಿಲ್ಲ. ಪಂಚೆಗೆ ಹತ್ತಿದರೆ ಪಂಚೆ ಹರಿದರೂ ಹೋಗುವುದಿಲ್ಲ. ಹಾಗಿರುವಾಗ ಬಂಪರಿಗೆ ಹತ್ತಿದ್ದು ಹೋದೀತೇ? ನನಗೆ ಈ ಪ್ರಶ್ನೆಯೇ ಉತ್ತರದ ಹಾಗೆ ಕೇಳಿಸಿತು.

ಸುಣ್ಣದ ಬ್ರಷ್ಷು ತೊಳೆದು, ಎರಡು ಕೈ ಹಚ್ಚಿದೆ. ಭಾವ ಬಾಗಿಲಲ್ಲಿ ನಿಂತು ನೋಡಿದ.

"ಅಲ್ಲ ಮಾರಾಯ, ಚೊಗರು ಹಾಕೋದು ಬೇಯಿಸಿದ್ಮೇಲೆ. ನಿನ್ನ ಬಂಪರ್ ಬೆಂದಿದೆಯನಾ?"

"ನಿನ್ನೆ ಬರ್ನರಲ್ಲಿ ಬೇಯ್ಸಿದೀನಲ್ಲ ಭಾವ."

"ಹಾಗಾದ್ರೆ ಬಿಸ್ಲಿಗೆ ಹಾಕು. ಒಣಗ್ಲಿ. ಮಾರೋಣ."

ನಗಲಿ ಬಿಡಿ. ಮಧ್ಯಾಹ್ನದ ಬಿಸಿಲಿಗೆ ಅದು ಒಣಗಿದ ಚಂದ ನೋಡಬೇಕಿತ್ತು. ಆಳವಾದ ಕಪ್ಪು, ಒಳಗೆಲ್ಲೋ ಕೆಂಪು, ಮೇಲೆ ತೆಳ್ಳಗೆ ಹೊಳಪು. ಭಾಯಿಯ ಹೊಲಿಗೆಯ ಗುರುತು ಮುಚ್ಚಿಹೋಯಿತು. ಕನ್ನಡಿಯ ಕವರಿನ ಜೋಲು ತುಟಿ ಕೂಡ ಕಂಪನಿಯವರೇ ಹಾಗೆ ಮಾಡಿದ್ದು ಎನ್ನುವಂತಾಯಿತು. ಅಕ್ಕ ಬಂದು ಒಂದು ಸುತ್ತು ನೋಡಿ, ಮೂಗು ಅರಳಿಸಿದಳು.

"ಎಂತ ಹಚ್ಚಿದೀಯ?"

"ಆರ್ಗ್ಯಾನಿಕ್."

"ಮಳೆ ಬಂದ್ರೆ?"

ರೇಡಿಯೋದಲ್ಲಿ ಹವಾಮಾನ ಓದುವವರ ದನಿಯಲ್ಲಿ, ಮಲೆನಾಡಿನ ಜಿಲ್ಲೆಗಳಲ್ಲಿ ಒಣಹವೆ ಮುಂದುವರಿಯಲಿದೆ ಎಂದೆ. ಅವಳಿಗೆ ನಗು ಬಂತು. ನಾಲ್ಕು ದಿನದಲ್ಲಿ ಮೊದಲ ಸಲ. ನನಗೆ ಬಹುಮಾನ ಬಂದಷ್ಟೇ ಖುಷಿಯಾಯಿತು.

ಸೋಮವಾರ ಬೆಳಿಗ್ಗೆ ಹರಿಹರಪುರದಿಂದ ಹೊರಟೆವು. ಕೊಪ್ಪದಲ್ಲಿ ನಾನೇ, "ಒಂದ್ನಿಮಿಷ ನಿಲ್ಸು, ಅಂಗಡಿ ಕೀ ಕೊಟ್ಟು ಬರ್ತೀನಿ" ಎಂದೆ. ಕೀ ಕೊಡುವುದಿತ್ತು, ನಿಜ. ಆದರೆ ಚಾ ಅಂಗಡಿಯ ಎದುರೇ ನಿಲ್ಲಿಸಲು ಹೇಳಿದ್ದು ಕೀಯ ಸಲುವಾಗಿ ಅಲ್ಲ. ಒಬ್ಬರು ಎದ್ದು ಬಂದು ಬಂಪರು ತಟ್ಟಿ, "ಹೊಸದು ಹಾಕ್ಸಿದ್ರಾ?" ಎಂದರು. ನಾನು ಮದುಮಗನ ಪಕ್ಕ ನಿಂತ ಸೋದರಮಾವನ ಹಾಗೆ ಉಬ್ಬಿದೆ. ಆಗ ಒಳಗಿನಿಂದ ಇನ್ನೊಬ್ಬರು ಕೂಗಿದರು: "ಏ, ಮೊನ್ನೆ ಮಾಡಿದ್ದನ್ನ ಇನ್ನೊಂದ್ಸಲ ಮಾಡೋ. ನಿನ್ನಕ್ಕ ಕುತ್ತಿಗೆ ಉದ್ದ ಮಾಡಿ ಕಲ್ಲಿಗೆ ಗುದ್ದಿದ್ದು. ಇವರು ನೋಡಿಲ್ಲ."

ಅಕ್ಕ ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಗಾಜು ಇಳಿದಿತ್ತು.

ನಾನು ಹೋಗಿ ಕೂತೆ. ಗಾಡಿ ಹೊರಟಿತು. ಕೊಪ್ಪದ ಪೇಟೆ ಮುಗಿದ ಮೇಲೆ ಅಕ್ಕ ಗಾಜು ಏರಿಸಿದಳು.

"ಬಹಳ ಚೆನ್ನಾಗಿ ಮಾಡ್ತೀಯಂತೆ."

"ಸುಮ್ನೆ ಅಕ್ಕ, ತಮಾಷೆಗೆ."

"ಅದ್ರಲ್ಲಿ ನೀನು ಎಲ್ಲಿ ನಿಂತಿರ್ತೀಯ?"

ಯೋಚಿಸುವ ಹಾಗೆ ನಟಿಸಿದೆ. ನಟನೆ ಬರಲಿಲ್ಲ. "ಅದ್ರಲ್ಲಿ ನಾನು ಇಲ್ಲ," ಎಂದೆ.

ಅಕ್ಕ ಗೇರು ಬದಲಿಸಿದಳು. ಕುತ್ತಿಗೆ ಉದ್ದ ಮಾಡಲಿಲ್ಲ. ಅವಳು ಯಾವಾಗಲೂ ಬೆನ್ನು ಸೀಟಿಗೆ ಕೊಟ್ಟೇ ಓಡಿಸುವುದು, ಎದುರಿನ ಬಸ್ಸಿಗೆ ದಾರಿ ಕೊಡುವಾಗಲೂ ಹಾಗೆಯೇ. ಇಷ್ಟು ದಿನ ಪಕ್ಕದಲ್ಲಿ ಕೂತು ನಾನು ಅದನ್ನು ನೋಡಿದ್ದೇ ಇಲ್ಲ. ಊರಿನವರೆಲ್ಲರ ನಡೆ ನುಡಿ ಕದಿಯುವವನ ಕಣ್ಣು ಇಷ್ಟು.

ಜಯಪುರ ಇನ್ನೂ ಎರಡು ತಿರುವು ಇರುವಾಗ ಮಳೆ ಬಂತು. ಹೆಚ್ಚೇನಲ್ಲ, ಕಾಲು ಗಂಟೆಯ ಮಳೆ. ವೈಪರು ಒಂದು ಸಲ ಆಡಿದ್ದೇ ಗಾಜಿನ ಮೇಲೆ ಕೆಂಪು ಬಿಲ್ಲು ಮೂಡಿತು. ಇನ್ನೊಂದು ಸಲ ಆಡಿತು, ಇನ್ನೊಂದು ಬಿಲ್ಲು. ಅಕ್ಕ ನನ್ನ ಕಡೆ ತಿರುಗಲಿಲ್ಲ. "ಒಣಹವೆ," ಎಂದಳು, ಅಷ್ಟೇ.

ನರ್ಸರಿಯ ಮುಂದೆ ನಿಲ್ಲಿಸಿ ಇಳಿದು ನೋಡಿದೆ. ವೈಪರಿನ ಪಟ್ಟಿಯಿಂದ ಇಳಿದು ಮುಖದ ತುಂಬ, ಬಾಗಿಲಿನ ಪಟ್ಟಿಯಿಂದ ಚಕ್ರದವರೆಗೆ, ಬಿಳಿ ಪಿಕಪ್ಪಿನ ಮೈಯೆಲ್ಲ ಕೆಂಪು ಧಾರೆ. ಬಂಪರಿನ ಹೊಲಿಗೆ ಎದ್ದು ಕಾಣುತ್ತಿತ್ತು. ಕನ್ನಡಿಯ ಕವರಿನ ಜೋಲು ತುಟಿಯ ತುದಿಯಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು.

ಹಿರಿಯರು ಕೊಡೆ ಹಿಡಿದು ಬಂದರು. ಬಾಯಲ್ಲಿದ್ದ ಕವಳವನ್ನು ಒಂದು ಬದಿಗೆ ಮಾಡಿ ಬಹಳ ಹೊತ್ತು ನೋಡಿದರು.

"ಎಂತ ಕೂಸೇ ಇದು, ಇಡೀ ಬಸ್ಸಿನವರು ಕವಳ ಹಾಕಿ ಉಗಿದಂಗೆ ಇದ್ದಲ."

ಬೆರಳಿಗೆ ತಾಗಿಸಿ ಮೂಸಿದರು. ಮತ್ತೊಮ್ಮೆ ಮೂಸಿದರು. "ಚೊಗರು ಇದು," ಎಂದು ಗಂಭೀರವಾಗಿ ಹೇಳಿ, "ಒಳ್ಳೆ ಚೊಗರು," ಎಂದು ಸೇರಿಸಿದರು. ಆಮೇಲೆ ಬಂಪರಿನ ಮೂಲೆಯ ಹೊಲಿಗೆಯ ಮೇಲೆ ಕೊಡೆಯ ತುದಿ ಇಟ್ಟರು. "ಇದೇ ಅಲ್ದಾ, ಬೇಗಾರದ್ದು? ಹೆಣ್ಮಕ್ಕಳು ಓಡಿಸದು ತಪ್ಪು ಅಂತ ನಾ ಹೇಳದಿಲ್ಲೆ. ಆದ್ರೆ ಜನ ಹೇಳ್ತ್ರು, ಕಲ್ಲು ಎದುರಿಗೇ ಇದ್ರೂ ಸೀದಾ ಹೋಗಿ ಗುದ್ದಿದೆ ಅಂತ. ಕೊಪ್ಪದಲ್ಲಿ ಯಾರೋ ಮಾಡಿ ತೋರಿಸಿದ್ನಂತೆ."

ಅಕ್ಕ ನೆಲ ನೋಡುತ್ತಿದ್ದಳು. ಈಗಲೂ ಹೇಳುವುದಿಲ್ಲ ಇವಳು, ಎಂದು ಗೊತ್ತಾಯಿತು. ಸೋಮವಾರ, ಗುರುವಾರಗಳ ಸುತ್ತು ಅಳಿಸಿಹೋದರೂ ಹೇಳುವುದಿಲ್ಲ.

"ತೋರಿಸಿದ್ದು ನಾನು," ಎಂದೆ. ಯಾರ ದನಿಯೂ ಸಿಗಲಿಲ್ಲ, ನನ್ನದರಲ್ಲೇ ಹೇಳಬೇಕಾಯಿತು. "ಗುದ್ದಿಸಿದ್ದೂ ನಾನು. ಎಡಗಡೆ ಅವಳಿಗೆ ಕಾಣ್ತಿರಲಿಲ್ಲ, ನೋಡಿ ಹೇಳು ಅಂದಿದ್ಲು. ನಾನು ಗಾಡಿಗೆ ಬೆನ್ನು ಹಾಕಿ ಜಗಲಿಯವರನ್ನ ನಗಿಸ್ತಾ ಬರ್ಲಿ ಬರ್ಲಿ ಅಂದೆ. ಅವಳು ಬಂದ್ಲು. ಕೊಪ್ಪದಲ್ಲಿ ಮಾಡಿದಾಗ ನನ್ನ ಪಾತ್ರ ಬಿಟ್ಟು ಮಾಡಿದೆ. ಈ ಚೊಗರೂ ನಂದೇ."

ಹಿರಿಯರು ನನ್ನನ್ನು ನೋಡಿದರು. ಹುಳ ಬಿದ್ದ ಸಸಿಯನ್ನು ನೋಡುವ ಹಾಗೆ, ಕೋಪವಿಲ್ಲದೆ, ಕಿತ್ತು ಹಾಕುವುದೋ ಔಷಧಿ ಹೊಡೆಯುವುದೋ ಎಂದು ಲೆಕ್ಕ ಹಾಕುವ ಹಾಗೆ. ಆಮೇಲೆ ಗಾಡಿಯ ಹಿಂದಕ್ಕೆ ನಡೆದರು. ನಾವೂ ಹೋದೆವು.

ನಾಲ್ಕು ದಿನ ಗಾಡಿಯ ಮುಂದೆ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತವನು ನಾನು. ಹಿಂದೆ ಏನಾಗುತ್ತಿದೆ ಎಂದು ಒಮ್ಮೆಯೂ ಇಣುಕಿರಲಿಲ್ಲ. ಕಬ್ಬಿಣದ ತಳದ ಮೇಲೆ ಅಕ್ಕ ಅಡಿಕೆ ಹಾಳೆಗಳನ್ನು ಒಂದರ ಮೇಲೊಂದು ಹೊದಿಸಿದ್ದಳು. ಸಸಿಯ ಪ್ಲಾಸ್ಟಿಕ್ ತೊಟ್ಟೆಗಳು ಜಾರದ ಹಾಗೆ ಅಡ್ಡಡ್ಡ ಹಗ್ಗ ಕಟ್ಟಿ ಸಾಲು ಮಾಡಿದ್ದಳು. ಮೇಲೆ ಬಳೆಯಂತೆ ಬಗ್ಗಿಸಿದ ಪೈಪು, ಅದರ ಮೇಲೆ ಹಸಿರು ನೆರಳುಬಲೆ, ಎರಡು ಪದರ.

ಹಿರಿಯರು ಒಂದು ಹಗ್ಗ ಎಳೆದು ನೋಡಿದರು. ಬಿಟ್ಟುಕೊಳ್ಳಲಿಲ್ಲ.

"ಬಲೆ ಎಂತಕ್ಕೆ ಎರಡು?"

"ಒಂದೇ ಆದ್ರೆ ಏರಲ್ಲಿ ಗಾಳಿ ಸೀದಾ ಒಳಗೆ ಹೊಡೀತದೆ. ಮೆಣಸಿನ ಚಿಗುರು ತಡ್ಯಲ್ಲ."

"ಇಳಿಜಾರಲ್ಲಿ?"

"ಎರಡನೇ ಗೇರಲ್ಲೇ ಬರೋದು. ಬ್ರೇಕ್ ಮುಟ್ಟಿದ್ರೆ ಎಲ್ಲ ಮುಂದಕ್ಕೆ ಬರ್ತವೆ."

ಅವರು ಕವಳ ಉಗಿದು ಬಂದರು. "ಗುರುವಾರ ಏಳು ಗಂಟೆಗೆ ಬಾ ಕೂಸೇ. ಮೊದಲನೇ ಲೋಡು ಎನ್.ಆರ್. ಪುರದ ಬದಿಗೆ. ಆಮೇಲೆ ಸೋಮವಾರ. ಮಳೆಗಾಲ ಮುಗಿಯವರೆಗೂ."

ಅಕ್ಕ ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು; ಮಳೆಯದ್ದೇ ಇರಬೇಕು.

ಇಲ್ಲಿಗೆ ನಾನು ಸುಮ್ಮನಿರಬಹುದಿತ್ತು. ನನ್ನಿಂದ ಅದು ಆಗುವುದಿಲ್ಲ ಎಂದು ಈ ಹೊತ್ತಿಗೆ ನಿಮಗೂ ಗೊತ್ತಾಗಿದೆ. ಇಷ್ಟು ಕಷ್ಟಪಟ್ಟು ಹಾಳು ಮಾಡಿದ್ದನ್ನು ಸರಿ ಮಾಡದೆ ಹೇಗೆ ಬಿಡುವುದು? ಹಿರಿಯರ ಹಿಂದೆಯೇ ಹೋಗಿ, ಒಂದು ವಾರ ಟೈಮು ಕೊಡಿ ಎಂದೆ. ಪ್ರೈಮರ್ ತರುತ್ತೇನೆ, ಕ್ರಮವಾಗಿ ಉಜ್ಜಿ, ಒಣಗಿಸಿ, ಕಪ್ಪು ಬಣ್ಣ ಹೊಡೆಯುತ್ತೇನೆ, ಮಳೆ ಬರಲಿ ಸಿಡಿಲು ಬರಲಿ ಹೋಗುವುದಿಲ್ಲ. ಈ ಮುಖ ಹೊತ್ತ ಗಾಡಿಯಲ್ಲಿ ನಿಮ್ಮ ಸಸಿ ಹೋದರೆ ನಿಮ್ಮ ನರ್ಸರಿಯ ಮರ್ಯಾದೆ ಏನಾಗಬೇಕು ಎಂದೂ ಕೇಳಿದೆ.

ಹಿರಿಯರು ಕೊಡೆ ಮಡಚಿದರು.

"ನನ್ನ ಸಸಿ ಕೂರದು ಹಿಂದೆ ಮಾಣಿ, ಬಂಪರಿನ ಮೇಲೆ ಅಲ್ಲ."